ಪದ್ಮಿನಿಯ ಪೆಟ್ರೋಲ್ ಮುಳ್ಳು: ಮೊದಲು ಅರ್ಥಿಂಗ್ ನೋಡಿ, ಆಮೇಲೆ ಫ್ಲೋಟ್ ಮುಟ್ಟಿ

ಮುಂಬೈ-ಗೋವಾ ಹೆದ್ದಾರಿಯ ಕಶೇಡಿ ಘಾಟಿನ ಅರ್ಧಕ್ಕೆ ನಮ್ಮ ಹಳೇ ಪ್ರೀಮಿಯರ್ ಪದ್ಮಿನಿ ಕಾರು ನಿಂತಾಗ ಪೆಟ್ರೋಲ್ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು. ಮುಲುಂಡಿನಿಂದ ಅಂಕೋಲೆಗೆ ಹೊರಟಿದ್ದೆವು. ಎಂಜಿನ್ ಎರಡು ಸಲ ಮುಗ್ಗರಿಸಿತು, ಆಮೇಲೆ ಸುಮ್ಮನಾಯಿತು. ಕಾರ್ಬ್ಯುರೇಟರ್ ಇರಬೇಕು, ಎಸಿ ಪಂಪ್ (ಪೆಟ್ರೋಲ್ ಎಳೆಯುವ ಪಂಪ್) ಇರಬೇಕು ಅಂತ ಮೈದುನ ಅರ್ಧ ಗಂಟೆ ಬಾನೆಟ್ ಒಳಗೆ ತಲೆ ಹಾಕಿ ನಿಂತ. ನಾನು ಹಿಂದೆ ಹೋಗಿ ಡಿಕ್ಕಿ ತೆಗೆದು ಟ್ಯಾಂಕಿನ ಮೇಲೆ ಬೆರಳ ಗೆಣ್ಣಿನಿಂದ ಬಡಿದೆ. ಖಾಲಿ ಕೊಡ ಬಡಿದ ಹಾಗೆ ಸದ್ದು ಬಂತು. ಹಿಂದಿನ ಸೀಟಿನಲ್ಲಿ 81 ವರ್ಷದ ಅತ್ತೆ ಇದ್ದರು. ಪಕ್ಕದಲ್ಲೇ ಲಾರಿಗಳು ಹಾರ್ನ್ ಹೊಡೆಯುತ್ತ ಏರು ಹತ್ತುತ್ತಿದ್ದವು. ಮೈದುನ ಯಾರದೋ ಬೈಕ್ ಹತ್ತಿ ಪೋಲಾದಪುರಕ್ಕೆ ವಾಪಸ್ ಹೋಗಿ ಪೆಟ್ರೋಲ್ ತರುವವರೆಗೆ ಎರಡು ಗಂಟೆ ಅಲ್ಲೇ ಕೂತೆವು. ಆ ಎರಡು ಗಂಟೆ ನನಗೆ ಇನ್ನೂ ಮರೆತಿಲ್ಲ.

ಮುಂಬೈಗೆ ಬಂದ ಮೇಲೆ ಈ ಕೆಲಸ ನಾನೇ ಮಾಡಬೇಕು ಅಂತ ತೀರ್ಮಾನಿಸಿದೆ. 29 ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಹೇಳಿದವಳು ನಾನು. ಓಮನ ನಿಯಮವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ಲೆಕ್ಕ ಇಲ್ಲ. ಪೆಟ್ರೋಲ್ ಗೇಜ್ ಅಂದರೆ ಅದೇ ನಿಯಮ, ಡ್ಯಾಶ್‌ಬೋರ್ಡಿನಲ್ಲಿ ಕೂತಿದೆ ಅಷ್ಟೇ. ಇನ್ನೊಂದು ಕಾರಣವೂ ಇತ್ತು. ಮುಂಬೈಯ ಕಾಳಿ-ಪೀಲಿ (ಕಪ್ಪು-ಹಳದಿ) ಪದ್ಮಿನಿ ಟ್ಯಾಕ್ಸಿಗಳು 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಹೋದವು. ಅವುಗಳ ಜೊತೆಗೇ, ಕಣ್ಣು ಮುಚ್ಚಿ ಪದ್ಮಿನಿ ಬಿಚ್ಚಿ ಕಟ್ಟುತ್ತಿದ್ದ ಮೆಕ್ಯಾನಿಕ್‌ಗಳೂ ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದರು. ಇದೇ ಊರಿನ ಕುರ್ಲಾದಲ್ಲಿ ತಯಾರಾದ ಗಾಡಿ, ಆದರೆ ಈಗ ಇದೇ ಊರಲ್ಲಿ ಅದನ್ನು ತಿಳಿದವರು ಕಡಿಮೆ. ನಮ್ಮದು 1988ರದು, ಮಾವ ಕೊಂಡಿದ್ದು. ಅದನ್ನು ಓಡಿಸುತ್ತಲೇ ಇರಬೇಕು ಅನ್ನುವುದು ನಮ್ಮ ಮನೆಯವರೆಲ್ಲರ ಆಸೆ.

ಮೊದಲು ಇದು ಕೆಲಸ ಮಾಡುವ ರೀತಿ ತಿಳಿದುಕೊಳ್ಳಿ. ಟ್ಯಾಂಕಿನ ಮೇಲೆ ಒಂದು ಸಣ್ಣ ಮುಚ್ಚಳ ಇರುತ್ತದೆ. ಅದರ ಕೆಳಗೆ ಒಂದು ಕಡ್ಡಿ, ಕಡ್ಡಿಯ ತುದಿಗೆ ಪೆಟ್ರೋಲಿನ ಮೇಲೆ ತೇಲುವ ಬುರುಡೆ. ಈ ಇಡೀ ಸಾಮಾನಿಗೆ ಗ್ಯಾರೇಜಿನವರು ‘ಫ್ಲೋಟ್’ ಅಂತಲೇ ಹೇಳುತ್ತಾರೆ, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ‘ಟ್ಯಾಂಕ್ ಯೂನಿಟ್’ ಅನ್ನಬಹುದು. ಬುರುಡೆ ಏರಿಳಿದಂತೆ ಕಡ್ಡಿಯ ಇನ್ನೊಂದು ತುದಿಯ ಪುಟ್ಟ ತಗಡು, ಸುತ್ತಿದ ತಂತಿಯ ಮೇಲೆ ಜಾರುತ್ತದೆ. ರೋಧ, ಅಂದರೆ ಕರೆಂಟಿಗೆ ಸಿಗುವ ತಡೆ, ಹೆಚ್ಚು ಕಡಿಮೆ ಆಗುತ್ತದೆ. ಗೇಜಿನಿಂದ ಹೊರಟ ಕರೆಂಟ್ ಒಂದೇ ವೈರಿನಲ್ಲಿ ಫ್ಲೋಟಿಗೆ ಬಂದು, ಅದರ ತಂತಿಯ ಮೂಲಕ ಟ್ಯಾಂಕಿಗೆ, ಟ್ಯಾಂಕಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಯ ಮೈನಸ್ಸಿಗೆ ಹೋಗುತ್ತದೆ. ಹೋಗುವ ದಾರಿಗೆ ವೈರ್ ಇದೆ. ವಾಪಸ್ ಬರುವ ದಾರಿಗೆ ಬರೀ ತಗಡು, ಬೋಲ್ಟು. ಈ ವಾಪಸ್ ದಾರಿಗೇ ಅರ್ಥಿಂಗ್ ಅನ್ನುವುದು. ಹೆಚ್ಚಿನ ತೊಂದರೆ ಅಲ್ಲೇ ಇರುತ್ತದೆ. ಮುಂಬೈಯ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ತುಕ್ಕು ಹಿಡಿಯದೆ ಇರುತ್ತದೆಯೇ?

ನಮ್ಮ ಗಾಡಿಯಲ್ಲಿ ಟ್ಯಾಂಕ್ ತುಂಬಿದಾಗ ರೋಧ ಕಡಿಮೆ, ಖಾಲಿಯಾದಾಗ ಜಾಸ್ತಿ. ಕೆಲವು ಗಾಡಿಗಳಲ್ಲಿ ಇದು ಉಲ್ಟಾ. ನಿಮ್ಮದು ಯಾವ ಜಾತಿ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ, ವೈರ್ ಸರಿ ಇದೆಯಾ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಡಿಕ್ಕಿ ತೆಗೆದು ಕಾಲು ಗಂಟೆ ಗಾಳಿಗೆ ಬಿಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಅವತ್ತು ಕೆಲಸ ಬೇಡ, ಮೊದಲು ಸೋರಿಕೆ ಎಲ್ಲಿ ಅಂತ ಹುಡುಕಿ. ಕೀ ಆಫ್ ಇರುವಾಗ ಫ್ಲೋಟಿನ ವೈರ್ ಬಿಚ್ಚಿ, ತುದಿ ಎಲ್ಲಿಗೂ ತಾಗದಂತೆ ಇಡಿ. ಈಗ ಕೀ ಆನ್ ಮಾಡಿ ಮುಳ್ಳು ನೋಡಿ. ಕೀ ಆಫ್ ಮಾಡಿ. ಅದೇ ತುದಿಯನ್ನು ಬಾಡಿಯ ಸ್ವಚ್ಛ ಬೋಲ್ಟಿಗೆ ಕ್ಲಿಪ್ ಹಾಕಿ ಬಿಗಿದು ಮತ್ತೆ ಕೀ ಆನ್ ಮಾಡಿ. ಕೀ ಆನ್ ಇರುವಾಗ ಟ್ಯಾಂಕಿನ ಹತ್ತಿರ ವೈರ್ ತಾಗಿಸುವುದು, ತೆಗೆಯುವುದು ಮಾಡಲೇಬೇಡಿ. ಅಲ್ಲಿ ಕಿಡಿ ಹಾರಬಾರದು. ಕೀ ತಿರುಗಿಸಲು ಮುಂದೆ ಒಬ್ಬರು ಕೂತಿದ್ದರೆ ಒಳ್ಳೆಯದು. ನನಗೆ ಅಣ್ಣನ ಮಗ ಸಿಕ್ಕಿದ.

“ಈಗ ಹಾಕು ತಮಾ.”

“ಫುಲ್ಲಿಗೆ ಹೋಯ್ತು ಅತ್ತೆ. ಹಾರಿದ ಹಾಗೆ ಹೋಯ್ತು!”

ವೈರ್ ಬಿಚ್ಚಿಟ್ಟಾಗ ಮುಳ್ಳು ಪೂರ್ತಿ ಖಾಲಿಗೆ ಬಿದ್ದಿತ್ತು, ಬಾಡಿಗೆ ತಾಗಿಸಿದಾಗ ಪೂರ್ತಿ ಫುಲ್ಲಿಗೆ ಏರಿತು. ಅಂದರೆ ಗೇಜ್ ಸರಿ ಇದೆ, ಅಲ್ಲಿಂದ ಡಿಕ್ಕಿವರೆಗಿನ ವೈರ್ ಸರಿ ಇದೆ. ಮುಳ್ಳು ಹೀಗೆ ಎರಡೂ ತುದಿ ಮುಟ್ಟಿದರೆ ಹೊಸ ಗೇಜಿಗೆ ದುಡ್ಡು ಹಾಕಬೇಡಿ. ಇನ್ನೊಂದು ಮಾತು: ಕೆಲವು ಗಾಡಿಗಳಲ್ಲಿ ಮುಳ್ಳು ಹಾರುವುದಿಲ್ಲ, ನಿಧಾನಕ್ಕೆ ಏರುತ್ತದೆ. ಅವು ಒಳಗೆ ಬಿಸಿ ತಂತಿ ಇರುವ ಗೇಜುಗಳು. ಅಂಥದ್ದನ್ನು ಬಾಡಿಗೆ ನೇರ ತಾಗಿಸಿ ಜಾಸ್ತಿ ಹೊತ್ತು ಬಿಟ್ಟರೆ ತಂತಿ ಸುಟ್ಟು ಹೋಗುತ್ತದೆ. ಮುಳ್ಳು ಏರುತ್ತಿದೆ ಅಂತ ಕಂಡ ಕೂಡಲೇ ಕೀ ಆಫ್ ಮಾಡಿ. ಬ್ರಿಟಿಷ್ ಮೂಲದ ಹಳೇ ಗಾಡಿಗಳಲ್ಲಿ ಇಂಥ ಗೇಜಿನ ಹಿಂದೆ, 12 ವೋಲ್ಟನ್ನು ಸರಾಸರಿ 10 ವೋಲ್ಟಿಗೆ ಇಳಿಸುವ ಪುಟ್ಟ ಡಬ್ಬಿ ಇರುವುದುಂಟು. ಪೆಟ್ರೋಲ್ ಮುಳ್ಳು ಮತ್ತು ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೇ ತಪ್ಪು ತೋರಿಸಿದರೆ ಫ್ಲೋಟ್ ಬಿಟ್ಟು ಆ ಡಬ್ಬಿ ನೋಡಿ. ಫ್ಲೋಟಿಗೆ ಎರಡು ವೈರ್ ಇದ್ದರೆ ಒಂದು ರಿಸರ್ವ್ ದೀಪದ್ದಿರಬಹುದು. ಬಿಚ್ಚುವ ಮೊದಲೇ ಗುರುತು ಮಾಡಿಕೊಳ್ಳಿ.

ಈಗ ಅರ್ಥಿಂಗ್. ಇಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಗಾಡಿಯ ಇಡೀ ಕಥೆ ಇಲ್ಲೇ ಇತ್ತು. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ. ಕೀ ಆಫ್ ಮಾಡಿ, ಮೀಟರನ್ನು ಓಮ್‌ಗೆ (ರೋಧದ ಅಳತೆಗೆ) ತಿರುಗಿಸಿ. ಮೀಟರಿನ ಒಂದು ಕಡ್ಡಿಯನ್ನು ಫ್ಲೋಟಿನ ಮುಚ್ಚಳದ ಲೋಹಕ್ಕೆ ಇಡಿ. ಇನ್ನೊಂದನ್ನು ಉದ್ದ ವೈರಿನಿಂದ ಬ್ಯಾಟರಿಯ ಮೈನಸ್ಸಿಗೆ ಸೇರಿಸಿ. 1 ಓಮಿಗಿಂತ ಕಡಿಮೆ ಬರಬೇಕು. ನನಗೆ 17 ಬಂತು. ಟ್ಯಾಂಕನ್ನು ಬಿಗಿದ ಪಟ್ಟಿಯ ಕೆಳಗೆ ರಬ್ಬರ್ ಇತ್ತು. ಟ್ಯಾಂಕ್ ಮತ್ತು ಬಾಡಿ ತಾಗುತ್ತಿದ್ದದ್ದು ತುಕ್ಕು ಹಿಡಿದ ಒಂದೇ ಒಂದು ಬೋಲ್ಟಿನಿಂದ.

17 ಓಮ್ ದೊಡ್ಡದಲ್ಲ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಟ್ಯಾಂಕ್ ಖಾಲಿ ಇರುವಾಗ ಫ್ಲೋಟಿನ ರೋಧವೇ ನೂರಾರು ಓಮ್, ಅದಕ್ಕೆ 17 ಸೇರಿದರೆ ಗೊತ್ತೇ ಆಗುವುದಿಲ್ಲ. ಟ್ಯಾಂಕ್ ತುಂಬಿದಾಗ ಇರುವುದು ಅದಕ್ಕಿಂತ ಬಹಳ ಕಡಿಮೆ ಓಮ್, ಅದಕ್ಕೆ 17 ಸೇರಿದರೆ ಮುಳ್ಳು ಮುಕ್ಕಾಲಿನಲ್ಲೇ ನಿಲ್ಲುತ್ತದೆ. ಅಂದರೆ ಅರ್ಥಿಂಗ್ ಕೆಟ್ಟರೆ ಇಂಥ ಗಾಡಿಯಲ್ಲಿ ಸುಳ್ಳು ಕಾಣುವುದು ಮೇಲಿನ ತುದಿಯಲ್ಲಿ. ಎರಡು ವರ್ಷದ ಹಿಂದೆ ನಮ್ಮ ಗಾಡಿಗೆ ಆಗಿದ್ದು ಅದೇ. ಫುಲ್ ಮಾಡಿಸಿದರೂ ಮುಳ್ಳು ಮುಕ್ಕಾಲು ದಾಟುತ್ತಿರಲಿಲ್ಲ. ಒಂದು ಗ್ಯಾರೇಜಿಗೆ ಕೊಟ್ಟೆವು. ಸಂಜೆಗೆ ಮುಳ್ಳು ಫುಲ್ ತೋರಿಸುತ್ತಿತ್ತು, ನಾವು ಖುಷಿಯಾಗಿ ದುಡ್ಡು ಕೊಟ್ಟು ಬಂದೆವು. ಅವರು ಮಾಡಿದ್ದು ಇಷ್ಟೇ: ಅರ್ಥಿಂಗ್ ಮುಟ್ಟದೆ ಫ್ಲೋಟಿನ ಕಡ್ಡಿ ಬಗ್ಗಿಸಿದ್ದರು. ಕಡ್ಡಿ ಬಗ್ಗಿಸಿದರೆ ಮೇಲಿನ ತುದಿ ಮಾತ್ರ ಅಲ್ಲ, ಕೆಳಗಿನ ತುದಿಯೂ ಸರಿಯುತ್ತದೆ. ಫುಲ್ ಸರಿಯಾಯಿತು, ಖಾಲಿ ಇದ್ದದ್ದು ಕಾಲು ಟ್ಯಾಂಕ್ ಆಯಿತು. ಕಶೇಡಿಯಲ್ಲಿ ನಾವು ನಿಂತದ್ದು ಆ ಬಗ್ಗಿಸಿದ ಕಡ್ಡಿಯಿಂದ.

ಅರ್ಥಿಂಗ್ ಸರಿ ಮಾಡುವುದು ಹತ್ತು ನಿಮಿಷದ ಕೆಲಸ. ಎರಡೂ ತುದಿಗೆ ಲಗ್ (ತೂತಿರುವ ಲೋಹದ ತುಣುಕು) ಒತ್ತಿದ ಒಂದು ಮೊಳ ವೈರ್ ಮಾಡಿಕೊಳ್ಳಿ. ಬ್ಯಾಟರಿಯ ಮೈನಸ್ ಬಿಚ್ಚಿ. ವೈರಿನ ಒಂದು ತುದಿ ಫ್ಲೋಟಿನ ಸ್ಕ್ರೂ ಕೆಳಗೆ, ಇನ್ನೊಂದು ಬಾಡಿಯ ಬೋಲ್ಟಿಗೆ. ಬೋಲ್ಟಿನ ಸುತ್ತ ಪೇಂಟ್ ಹೋಗಿ ಲೋಹ ಹೊಳೆಯುವವರೆಗೆ ಎಮರಿ ಪೇಪರಿನಿಂದ ಕೈಯಲ್ಲೇ ಉಜ್ಜಿ. ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ, ಮೇಲೆ ಗ್ರೀಸ್ ಸವರಿ. ನನ್ನ ಮೀಟರ್ 17ರಿಂದ 0.3ಕ್ಕೆ ಇಳಿಯಿತು. ತುಂಬಾ ಗಾಡಿಗಳಿಗೆ ಇಷ್ಟೇ ಸಾಕು. ಇಲ್ಲಿಗೇ ಸರಿಯಾದರೆ ಫ್ಲೋಟ್ ಬಿಚ್ಚಲೇಬೇಡಿ.

ನಾನು ಬಿಚ್ಚಲೇಬೇಕಿತ್ತು, ಕಡ್ಡಿ ಬಗ್ಗಿತ್ತಲ್ವಾ. ಆದರೆ ಬಿಚ್ಚುವ ಮೊದಲು ಇನ್ನೊಂದು ಕೆಲಸ ಮಾಡಿದೆ, ಇದನ್ನು ನೀವೂ ಬಿಡಬೇಡಿ. ಲ್ಯಾಮಿಂಗ್ಟನ್ ರೋಡಿನಿಂದಲೇ ತಂತಿ ಸುತ್ತಿದ, 5 ವಾಟಿನ, 500 ಓಮ್ ತಿರುಗಿಸುವ ರೆಸಿಸ್ಟರ್ ತಂದೆ. ರೇಡಿಯೋ ವಾಲ್ಯೂಮಿನ ಚಿಕ್ಕ ಕಾರ್ಬನ್ನಿನದು ಬೇಡ, ಬಿಸಿಯಾಗಿ ಹೋಗುತ್ತದೆ. ಫ್ಲೋಟಿನ ವೈರನ್ನು ಉದ್ದ ಮಾಡಿ ಗಾಡಿಯ ಮುಂದಿನ ಸೀಟಿಗೆ ತಂದು, ಫ್ಲೋಟಿನ ಬದಲು ಈ ರೆಸಿಸ್ಟರ್ ಸೇರಿಸಿದೆ. ಅದರ ಇನ್ನೊಂದು ತುದಿ ಬಾಡಿಗೆ. ಕೀ ಆನ್ ಮಾಡಿ ಮುಳ್ಳು ಸರಿಯಾಗಿ ಖಾಲಿ ಗೆರೆಯ ಮೇಲೆ ನಿಲ್ಲುವವರೆಗೆ ತಿರುಗಿಸಿದೆ. ಕೀ ಆಫ್, ರೆಸಿಸ್ಟರ್ ಬಿಡಿಸಿ ಮೀಟರಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದೆ. ಹಾಗೇ ಅರ್ಧಕ್ಕೆ, ಫುಲ್ಲಿಗೆ. ಈಗ ನನ್ನ ಗೇಜಿಗೆ ಯಾವ ಗೆರೆಗೆ ಎಷ್ಟು ಓಮ್ ಬೇಕು ಅಂತ ನನ್ನ ಕೈಬರಹದಲ್ಲೇ ಇತ್ತು. ಮುಂದೆ ಕರೆಂಟಿನ ಅಗತ್ಯವೇ ಇಲ್ಲ.

ಭಾನುವಾರ ಬೆಳಿಗ್ಗೆ ಸೊಸೈಟಿಯ ಕಾಂಪೌಂಡಿನಲ್ಲಿ, ಬಯಲಿನಲ್ಲಿ ಗಾಡಿ ನಿಲ್ಲಿಸಿದೆವು. ಮುಚ್ಚಿದ ಪಾರ್ಕಿಂಗಿನಲ್ಲಿ ಈ ಕೆಲಸ ಕೂಡದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಆ ಕಡೆ ಯಾರೂ ಬೀಡಿ ಹಚ್ಚಬಾರದು ಅಂತ ವಾಚ್‌ಮನ್‌ಗೆ ಹೇಳಿಟ್ಟಿದ್ದೆ. ಟ್ಯಾಂಕಿನಲ್ಲಿ ಮೊದಲೇ ಪೆಟ್ರೋಲ್ ಕಡಿಮೆ ಮಾಡಿಕೊಂಡಿದ್ದೆ. ಬ್ಯಾಟರಿಯ ಮೈನಸ್ ಬಿಚ್ಚಿ, ಮುಚ್ಚಳದ ಸುತ್ತಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಇಲ್ಲದಿದ್ದರೆ ಅದೆಲ್ಲ ಟ್ಯಾಂಕಿಗೆ ಬೀಳುತ್ತದೆ. ಮುಚ್ಚಳ ಯಾವ ದಿಕ್ಕಿಗೆ ಕೂತಿತ್ತು ಅಂತ ನೇಲ್ ಪಾಲಿಶ್‌ನಿಂದ ಗೆರೆ ಎಳೆದೆ. ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರಿಂದ ಒಂದೂ ಮುರಿಯಲಿಲ್ಲ. ಫ್ಲೋಟನ್ನು ನೇರ ಮೇಲಕ್ಕೆ ಎಳೆಯಬೇಡಿ. ಒಂದು ಕಡೆ ಓರೆ ಮಾಡಿ, ಕಡ್ಡಿಯನ್ನು ಮೆಲ್ಲಗೆ ಹೊರಗೆ ತರಬೇಕು.

ತೂತು ಮುಚ್ಚುವ ಮೊದಲು ಒಂದು ಅಳತೆ ತೆಗೆದೆ. ಉಳಿದ ಪೆಟ್ರೋಲನ್ನು ಕೈಪಂಪಿನಿಂದ ತಗಡಿನ ಕ್ಯಾನಿಗೆ ತೆಗೆದು, ಅಳತೆ ಮಾಡಿ 5 ಲೀಟರ್ ಮಾತ್ರ ವಾಪಸ್ ಹಾಕಿದೆ. ಶಾಲೆಯಲ್ಲಿ ಬಳಸುತ್ತಿದ್ದ ಮರದ ಅಳತೆಪಟ್ಟಿಯನ್ನು ತೂತಿನಲ್ಲಿ ನೇರ ಇಳಿಸಿ, ತೂತಿನ ಅಂಚಿನಿಂದ ಪೆಟ್ರೋಲಿನ ಮಟ್ಟ ಎಷ್ಟು ಕೆಳಗಿದೆ ಅಂತ ನೋಡಿದೆ. ಒದ್ದೆ ಗೆರೆ ಬೇಗ ಆರುತ್ತದೆ, ಕೂಡಲೇ ಪೆನ್ಸಿಲ್ ಗುರುತು ಹಾಕಿ. ಆಮೇಲೆ ತೂತಿಗೆ ಬಟ್ಟೆ ತುರುಕಿ, ಕ್ಯಾನಿನ ಮುಚ್ಚಳ ಬಿಗಿದು ದೂರ ಇಟ್ಟು, ಫ್ಲೋಟನ್ನು ಮೇಜಿಗೆ ತಂದೆ.

ಬುರುಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಕುಳುಕ್ ಅಂದರೆ ತೂತಾಗಿದೆ. ಸದ್ದಿಲ್ಲದಿದ್ದರೂ ಬಿಸಿ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ, ಕಣ್ಣಿಗೆ ಕಾಣದ ತೂತಿನಿಂದಲೂ ಗುಳ್ಳೆ ಬರುತ್ತದೆ. ನೀರನ್ನು ಅಡುಗೆಮನೆಯಲ್ಲಿ ಕಾಯಿಸಿ ಹೊರಗೆ ತನ್ನಿ, ಬುರುಡೆಯನ್ನು ಒಲೆಯ ಹತ್ತಿರ ಒಯ್ಯಬೇಡಿ. ಒಳಗೆ ಪೆಟ್ರೋಲ್ ಹೋದ ಹಿತ್ತಾಳೆ ಬುರುಡೆಗೆ ಬೆಸುಗೆ ಹಾಕಲು ಹೋಗಬೇಡಿ, ಸಿಡಿಯುತ್ತದೆ. ಹೊಸದು ಹಾಕಿ. ತುಂಬಾ ಹಳೇ ಗಾಡಿಗಳಲ್ಲಿ ಬಿರಡೆಯ (ಕಾರ್ಕ್) ಫ್ಲೋಟ್ ಇರುತ್ತದೆ, ಅದರ ಮೇಲಿನ ಅರಗಿನ ಲೇಪ ಈಗಿನ ಎಥನಾಲ್ ಪೆಟ್ರೋಲಿಗೆ ತಡೆಯುವುದಿಲ್ಲ. ಲೇಪ ಹೋದರೆ ಬಿರಡೆ ಪೆಟ್ರೋಲ್ ಕುಡಿದು ಮುಳುಗುತ್ತದೆ, ಮುಳ್ಳು ಯಾವಾಗಲೂ ಕಡಿಮೆ ತೋರಿಸುತ್ತದೆ. 20 ಶೇಕಡಾ ಎಥನಾಲ್ ಇರುವ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಶುರುವಾಗಿ ಈಗ ಬಂಕ್‌ಗಳಲ್ಲಿ ಅದೇ ಸಿಗುತ್ತಿರುವುದರಿಂದ ಈ ಮಾತು ಹೇಳಲೇಬೇಕು.

ಆಮೇಲೆ ತಂತಿ ಸುತ್ತಿದ ಪಟ್ಟಿ. ತಂತಿ ಕೂದಲಿನಷ್ಟು ತೆಳ್ಳಗೆ, ಎಮರಿ ಪೇಪರ್ ತಾಗಿಸಿದರೆ ಕಡಿದೇ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಕಿವಿಯ ಹತ್ತಿಕಡ್ಡಿಯಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಒರೆಸಿ. ನನ್ನದರಲ್ಲಿ ಕಪ್ಪು ಮಸಿ ಬಂತು, ಏಳು ಕಡ್ಡಿ ಬೇಕಾಯಿತು. ಮೀಟರಿನ ಒಂದು ಕಡ್ಡಿ ವೈರಿನ ಸ್ಕ್ರೂಗೆ, ಇನ್ನೊಂದು ಮುಚ್ಚಳಕ್ಕೆ ಹಿಡಿದು ಫ್ಲೋಟಿನ ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನ ಒಯ್ಯಿರಿ. ಅಂಕಿ ಒಂದೇ ಸಮ ಇಳಿಯುತ್ತ ಹೋಗಬೇಕು. ನಡುವೆ ಒಮ್ಮೆಗೇ ಓಪನ್ (ಸಂಪರ್ಕ ಕಡಿದ ಹಾಗೆ) ತೋರಿಸಿದರೆ ಅಲ್ಲಿ ತಂತಿ ಸವೆದಿದೆ ಅಥವಾ ತಗಡಿನ ಬಿಗಿ ಕಡಿಮೆಯಾಗಿದೆ. ತಗಡನ್ನು ಉಗುರಿನಿಂದ ಚೂರೇ ಒತ್ತಿ ನೋಡಿ. ತಂತಿಯೇ ತುಂಡಾಗಿದ್ದರೆ ಬೇರೆ ಫ್ಲೋಟ್ ಬೇಕು. ಒಪೇರಾ ಹೌಸ್ ಕಡೆಯ ಅಂಗಡಿಗಳಲ್ಲಿ, ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಕೇಳಿ, ಆದರೆ ಮೀಟರ್ ಕೈಯಲ್ಲಿ ಹಿಡಿದು ಹೋಗಿ. ನೋಡಲು ಒಂದೇ ಥರ ಇದ್ದರೂ ಓಮ್ ಬೇರೆ ಇರುತ್ತದೆ. ಯುರೋಪಿನ ಒಂದು ಅಳತೆ ಖಾಲಿಗೆ 10, ಫುಲ್ಲಿಗೆ 180. ಅಮೆರಿಕದ ಒಂದು ಅಳತೆ ಖಾಲಿಗೆ 240, ಫುಲ್ಲಿಗೆ 33. ನಿಮ್ಮ ಪುಸ್ತಕದಲ್ಲಿ ಬರೆದ ಅಂಕಿಗೆ ಹತ್ತಿರ ಬಂದರೆ ಮಾತ್ರ ತನ್ನಿ.

ಈಗ ಕಡ್ಡಿ ಬಗ್ಗಿಸುವುದು. ಫುಲ್ ಕಡೆ ಸ್ವಲ್ಪ ಹೆಚ್ಚು ಕಡಿಮೆ ಆದರೆ ಯಾರೂ ಘಾಟಿನಲ್ಲಿ ನಿಲ್ಲುವುದಿಲ್ಲ. ಅದಕ್ಕೇ ನಾನು ಕೆಳಗಿನ ತುದಿಯನ್ನು ಹಿಡಿದು ಸರಿ ಮಾಡಿದೆ: 5 ಲೀಟರ್ ಉಳಿದಾಗ ಮುಳ್ಳು ಖಾಲಿ ಗೆರೆಗೆ ಬರಬೇಕು. ಹೀರುವ ಕೊಳವೆ ಟ್ಯಾಂಕಿನ ತಳದವರೆಗೆ ಹೋಗುವುದಿಲ್ಲ, ತಳದ ಸ್ವಲ್ಪ ಪೆಟ್ರೋಲ್ ಎಂಜಿನ್ನಿಗೆ ಸಿಗುವುದೇ ಇಲ್ಲ. ನಮ್ಮ ಗಾಡಿ ಲೀಟರಿಗೆ 11–12 ಕಿಲೋಮೀಟರ್ ಕೊಡುತ್ತದೆ. 5 ಲೀಟರ್ ಅಂದರೆ 40 ಕಿಲೋಮೀಟರ್ ಧೈರ್ಯವಾಗಿ ಹೋಗಬಹುದು.

ಮೇಜಿನ ಅಂಚಿಗೆ ಫ್ಲೋಟಿನ ಮುಚ್ಚಳವನ್ನು ಒತ್ತಿ ಹಿಡಿದು ಕಡ್ಡಿ ಕೆಳಗೆ ಇಳಿಬಿಡಿ. ಮುಚ್ಚಳದ ತಳದಿಂದ ಬುರುಡೆಯ ನಡುವಿನವರೆಗೆ, ಅಳತೆಪಟ್ಟಿಯಲ್ಲಿ ಪೆನ್ಸಿಲ್ ಹಾಕಿದಷ್ಟೇ ದೂರಕ್ಕೆ ಬುರುಡೆ ಹಿಡಿಯಿರಿ. ಆಗ ಮೀಟರ್, ಪುಸ್ತಕದಲ್ಲಿ ಖಾಲಿ ಗೆರೆಗೆ ಬರೆದ ಓಮ್ ತೋರಿಸಬೇಕು. ನನ್ನದರಲ್ಲಿ ಆ ಅಂಕಿ ಬರಲು ಬುರುಡೆಯನ್ನು ಇನ್ನೂ ಎರಡು ಬೆರಳು ಕೆಳಗೆ ಇಳಿಸಬೇಕಿತ್ತು. ಅದೇ ಗ್ಯಾರೇಜಿನವರ ಬಗ್ಗು. ಎರಡು ಇಕ್ಕಳ ಬೇಕು. ಒಂದರಿಂದ ಕೀಲಿನ ಹತ್ತಿರ ಕಡ್ಡಿ ಅಲುಗದಂತೆ ಹಿಡಿದು, ಇನ್ನೊಂದರಿಂದ ಅದರ ಮುಂದೆ ಬಗ್ಗಿಸಿ. ಕೀಲಿಗೆ ಜಗ್ಗು ಬೀಳಬಾರದು. ಒಂದು ಸಲಕ್ಕೆ ಒಂದು ಕೂದಲಷ್ಟು, ಅಳೆಯಿರಿ, ಮತ್ತೆ ಒಂದು ಕೂದಲಷ್ಟು. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಪೂರ್ತಿ ಕೆಳಗೆ ಬಂದಾಗ ಬುರುಡೆ ಟ್ಯಾಂಕಿನ ತಳಕ್ಕೆ ಒರೆಸದಂತೆಯೂ ನೋಡಿಕೊಳ್ಳಿ.

ಮುಚ್ಚಳದ ಕೆಳಗಿನ ಹಳೇ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ವಿಟಾನ್ ಅನ್ನುವ ರಬ್ಬರ್ ಶೀಟ್ ಕತ್ತರಿಸಿ ಹೊಸದು ಮಾಡಿ, ಎಥನಾಲಿಗೆ ಅದು ಚೆನ್ನಾಗಿ ತಡೆಯುತ್ತದೆ. ಸಾಧಾರಣ ಸಿಲಿಕಾನ್ ಹಚ್ಚಿದರೆ ಪೆಟ್ರೋಲಿಗೆ ಉಬ್ಬಿ ಕಿತ್ತು ಬರುತ್ತದೆ. ನೇಲ್ ಪಾಲಿಶ್ ಗೆರೆಗೆ ಗೆರೆ ಸೇರಿಸಿ, ಸ್ಕ್ರೂಗಳನ್ನು ಎದುರು ಬದುರು ಬಿಗಿದು, ಅರ್ಥಿಂಗ್ ವೈರ್ ಮರೆಯದೆ ಹಾಕಿ.

ಕೊನೆಯ ಪರೀಕ್ಷೆ ಬಂಕಿನಲ್ಲಿ. ಟ್ಯಾಂಕಿನಲ್ಲಿ ಆಗಲೇ 5 ಲೀಟರ್ ಇತ್ತು. ಜನ ಕಡಿಮೆ ಇರುವ ಹೊತ್ತಿಗೆ ಹೋಗಿ 5 ಲೀಟರ್ ಹಾಕಿಸಿದೆ. ಗಾಡಿ ಸಮತಟ್ಟು ಜಾಗಕ್ಕೆ ಸರಿಸಿ ಎರಡು ನಿಮಿಷ ಬಿಟ್ಟು ಮುಳ್ಳು ನೋಡಿ ಬರೆದೆ. ಮತ್ತೆ 5, ಮತ್ತೆ ಬರೆದೆ. ಬಂಕಿನ ಅಳತೆಯ ಮೇಲೆ ಅನುಮಾನ ಇದ್ದರೆ ಅಲ್ಲಿ ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ಇರುತ್ತದೆ, ತೋರಿಸಿ ಅಂತ ಕೇಳಬಹುದು. ಟ್ಯಾಂಕ್ ಡಬ್ಬಿಯ ಹಾಗೆ ಚೌಕ ಅಲ್ಲವಲ್ಲ, ಹಾಗಾಗಿ ಗೆರೆಗಳು ಸಮ ಬರಲಿಲ್ಲ. ಮುಳ್ಳು ಅರ್ಧ ತೋರಿಸುವಾಗ ನಮ್ಮ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಅಣ್ಣನ ಮಗ ಆ ಪಟ್ಟಿಯನ್ನು ಚಂದ ಮಾಡಿ ಬರೆದು ಗ್ಲೋವ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದಾನೆ.

ಫುಲ್ ಮಾಡಿಸಿದ ರಾತ್ರಿ, ಟ್ಯಾಂಕಿನ ಪೆಟ್ರೋಲ್ ಫ್ಲೋಟಿನ ಮುಚ್ಚಳದ ಕಡೆ ವಾಲುವ ಹಾಗೆ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ. ಬೆಳಿಗ್ಗೆ ಟಿಶ್ಯೂ ಪೇಪರ್ ತಗೊಂಡು ಗ್ಯಾಸ್ಕೆಟ್ಟಿನ ಸುತ್ತ ಒಂದು ಸುತ್ತು ಎಳೆಯಿರಿ, ಮೂಸಿ ನೋಡಿ. ಪೇಪರ್ ಒಣಗಿದ್ದು ವಾಸನೆ ಇಲ್ಲದಿದ್ದರೆ ಡಿಕ್ಕಿಯ ಮ್ಯಾಟ್ ವಾಪಸ್ ಹಾಸಿ. ಒದ್ದೆ ಇದ್ದರೆ ಸ್ಕ್ರೂಗಳನ್ನು ಕಾಲು ಸುತ್ತು ಬಿಗಿದು, ಮರುದಿನ ಬೆಳಿಗ್ಗೆ ಮತ್ತೊಮ್ಮೆ ಒರೆಸಿ ನೋಡಿ.